ಎರಡು ಎಂದರೆ ಯಾವ ಎರಡು

ಕಲ್ಲು ಕೊಯ್ಯುವ ಯಂತ್ರ ಬೆಳಿಗ್ಗೆ ಏಳಕ್ಕೆ ಸುರುವಾಗುತ್ತದೆ. ಗುಡ್ಡದ ಆಚೆ ಬದಿಯ ಮುರಕಲ್ಲಿನ ಕೋರೆಯಿಂದ ಮೊದಲು ಒಂದು ಎತ್ತರದ, ತೆಳ್ಳಗಿನ ಸ್ವರ ಬರುತ್ತದೆ. ಅಲಗು ಬರೀ ಗಾಳಿಯಲ್ಲಿ ತಿರುಗುವಾಗಿನ ಸ್ವರ. ಅಲಗು ಕಲ್ಲಿಗೆ ತಾಗಿದ ಕೂಡಲೇ ಅದು ಕೆಳಗಿಳಿದು ದಪ್ಪವಾಗುತ್ತದೆ, ಒಂದು ಕಲ್ಲಿನ ಉದ್ದಕ್ಕೆ ಹಾಗೇ ಎಳೆಯುತ್ತದೆ, ಮತ್ತೆ ಮೇಲೇರುತ್ತದೆ. ಬೋವಿಕಾನ ಪೇಟೆಯ ಹಿಂದಿನ ಆ ಇಳಿಜಾರಿನಲ್ಲಿ ಮನೆ ಮಾಡಿಕೊಂಡವರಿಗೆಲ್ಲ ಅದು ಗದ್ದಲ. ಜಲಜಾಕ್ಷಿಗೆ ಮಾತ್ರ ಸುದ್ದಿ.

ಅಕ್ಕಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, "ಅಲಗು ಮೊಂಡಾಗಿದೆ. ನಿನ್ನೆ ಇಷ್ಟು ಇಳೀತಿರಲಿಲ್ಲ" ಎನ್ನುತ್ತಾಳೆ.

"ಕೊಯ್ಯುವವನಿಗೇ ಇನ್ನೂ ಗೊತ್ತಾಗಲಿಲ್ಲ, ನಿನಗೆ ಗೊತ್ತಾಯ್ತು," ಎನ್ನುತ್ತಾನೆ ಅವಳ ಗಂಡ ಬೋಜ. ಮುಳ್ಳೇರಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಬಿಟ್ಟವನು. ಅವನ ಕಿವಿಯಲ್ಲಿ ಈಗಲೂ ಬಸ್ಸೇ ಓಡುತ್ತಿರುತ್ತದೆ, ಬೇರೆ ಏನೂ ಸರಿಯಾಗಿ ಕೇಳಿಸುವುದಿಲ್ಲ.

ಅವಳ ಕಿವಿ ಹೀಗಾದದ್ದು ಸಂಗೀತದಿಂದಲ್ಲ. ಸಂಗೀತ ಅವಳಿಗೆ ಬಾರದು. ಇಪ್ಪತ್ತನೆಯ ವಯಸ್ಸಿಗೆ ಐಟಿಐ ಮುಗಿಸಿ, ಕಾಸರಗೋಡಿನ ಹತ್ತಿರ ಹೆಂಗಸರೇ ನಡೆಸುತ್ತಿದ್ದ ಒಂದು ಕೈಗಾರಿಕಾ ಸೊಸೈಟಿಗೆ ಸೇರಿದಳು. ಅಲ್ಲಿ ಒಂದು ಉದ್ದದ ಮೇಜು, ಒಂಬತ್ತು ಕುರ್ಚಿ. ಶಾಲೆಗಳಿಗೆ ಹೋಗುವ ಆಂಪ್ಲಿಫಯರಿನ ಹಸಿರು ಬೋರ್ಡು ಎಡಗಡೆಯಿಂದ ಬರುತ್ತಿತ್ತು. ಅದಕ್ಕೆ ಎರಡು ರೆಸಿಸ್ಟರು, ಒಂದು ಕೆಪಾಸಿಟರು ಬೆಸೆದು ಬಲಗಡೆಗೆ ದೂಡಬೇಕು. ಅವಳದ್ದು ನಾಲ್ಕನೆಯ ಕುರ್ಚಿ. ಒಂಬತ್ತನೆಯವಳ ಕೈಯಿಂದ ಬೋರ್ಡು ಡಬ್ಬಕ್ಕೆ ಹೋಗುತ್ತಿತ್ತು, ಡಬ್ಬ ಲಾರಿಗೆ. ಸ್ಪೀಕರ್ ಜೋಡಿಸಿ ನೋಡುವುದು, ಪೆಟ್ಟಿಗೆಯೊಳಗೆ ಕೂರಿಸುವುದು, ಎಲ್ಲ ತಿರುವನಂತಪುರದ ಕಡೆ ಎಲ್ಲೋ. ಬೆಸುಗೆ ಸರಿಯಾಯಿತೇ ಎಂದು ತಿಳಿಯಲು ಒಂದು ಸಣ್ಣ ಉಪಕರಣವಿತ್ತು. ತಂತಿ ತಾಗಿಸಿದರೆ ಕೀಂಯ್ ಎನ್ನುವುದು. ಬೆಸುಗೆ ಹಗುರಾಗಿದ್ದರೆ ಸ್ವರ ಒಂದು ಕೂದಲೆಳೆಯಷ್ಟು ಇಳಿಯುವುದು. ಹನ್ನೊಂದು ವರ್ಷ, ದಿನಕ್ಕೆ ನಾನ್ನೂರು ಸಲ ಆ ಕೀಂಯ್ ಕೇಳಿ ಅವಳ ಕಿವಿ ಚೂಪಾಯಿತು.

ಆದರೆ ತನ್ನ ಕೈ ಹಾದುಹೋದ ಒಂದು ಆಂಪ್ಲಿಫಯರಾದರೂ ಮಾತಾಡಿದ್ದನ್ನು ಅವಳು ಕೇಳಲಿಲ್ಲ. ಎಲ್ಲಿಯಾದರೂ ಶಾಲೆಯ ಎದುರಿನಿಂದ ಬಸ್ಸು ಹಾದುಹೋಗುವಾಗ ಮೈಕಿನಲ್ಲಿ ಮಕ್ಕಳ ಪ್ರಾರ್ಥನೆ ಕೇಳಿದರೆ ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಿದ್ದಳು. ನಮ್ಮದಾಗಿರಬಹುದೇ? ಆಗಿದ್ದರೂ ಅದರಲ್ಲಿ ತನ್ನದೆಷ್ಟು? ಒಂಬತ್ತರಲ್ಲಿ ಒಂದು ಪಾಲು.

ಸೊಸೈಟಿ ಮುಚ್ಚಿತು. ಬೋವಿಕಾನ ಪೇಟೆಯಲ್ಲಿ ಅಮ್ಮುವಿನ ಟೈಲರಿಂಗ್ ಅಂಗಡಿಯ ಅರ್ಧ ಜಾಗದಲ್ಲಿ ಜಲಜಾಕ್ಷಿ ಒಂದು ಮೇಜು ಹಾಕಿದಳು. ಒಂದು ಬದಿಯಲ್ಲಿ ಹೊಲಿಗೆ ಯಂತ್ರದ ಕಟಕಟ, ಇನ್ನೊಂದು ಬದಿಯಲ್ಲಿ ಬೆಸುಗೆಯ ಹೊಗೆ. ಮಿಕ್ಸಿ, ಇನ್ವರ್ಟರ್, ಎಲ್‌ಇಡಿ ಬಲ್ಬು, ಮಸೀದಿಯ ಮೈಕು, ಬಾವಿಯ ಪಂಪಿನ ಸ್ಟಾರ್ಟರ್, ಎಲ್ಲವೂ ಆ ಮೇಜಿಗೆ ಬಂತು. ಇಪ್ಪತ್ತು ವರ್ಷದಲ್ಲಿ ಅವಳು "ರಿಪೇರಿ ಜಲಜಕ್ಕ" ಆದಳು. ಈಗ ಅವಳಿಗೆ ಐವತ್ತೆರಡು. ಕನ್ನಡಕದ ಮೇಲೊಂದು ಭೂತಗನ್ನಡಿ.

ಹೆಸರು ಬಂದದ್ದು ಸಂತೋಷವೇ. ಆದರೆ ಸರಿಯಾದ ಮಿಕ್ಸಿ ಮೈಮೇಲೆ ಕಂಪೆನಿಯ ಹೆಸರು ಹೊತ್ತುಕೊಂಡೇ ಮನೆಗೆ ಹೋಗುತ್ತದೆ. ಕೆಟ್ಟದ್ದನ್ನು ಸರಿ ಮಾಡುವುದು ಬೇರೆ, ಇಲ್ಲದ್ದನ್ನು ಮಾಡುವುದು ಬೇರೆ. ತನ್ನಿಂದ ಪೂರ್ತಿಯಾದ ಒಂದು ವಸ್ತು ಇರಬೇಕು. ತಾನು ದೂರದಲ್ಲಿ, ನಾಲ್ಕು ಜನರ ನಡುವೆ ಕುಳಿತು, ಅದು ದನಿ ತೆಗೆಯುವುದನ್ನು ಕೇಳಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಸಂದರ್ಭವೂ ಬಂದಿರಲಿಲ್ಲ.

ಮೊನ್ನೆ ಫೆಬ್ರವರಿಯಲ್ಲಿ ಕುಂಞಣ್ಣ ಆಟೋದಿಂದ ಒಂದು ಉದ್ದದ ಪೆಟ್ಟಿಗೆ ಇಳಿಸಿದ. ಕುಂಞಣ್ಣ ಒಂದು ಕಾಲದಲ್ಲಿ ಗಾನಮೇಳದ ಕೀಬೋರ್ಡ್ ವಾದಕ; ಕಾಞಂಗಾಡಿನಿಂದ ಕಣ್ಣೂರಿನವರೆಗೆ ಅವನ ಬೆರಳು ಓಡದ ವೇದಿಕೆ ಇಲ್ಲ. ಪೆಟ್ಟಿಗೆಯೊಳಗೆ ಒಂದು ಹಳೆಯ ಅನಲಾಗ್ ಸಿಂಥಸೈಜರ್ ಇತ್ತು. ಅವನ ಅಣ್ಣ ಎಂಬತ್ತಾರರಲ್ಲಿ ಬಹರೈನಿನಿಂದ ತಂದದ್ದು.

"ಬೆಳಿಗ್ಗೆ ಒಂದು ಶ್ರುತಿ, ಮಧ್ಯಾಹ್ನ ಒಂದು ಶ್ರುತಿ. ಹಾಡುವವರು ನನ್ನನ್ನು ಹೊಡೀಲಿಕ್ಕೆ ಬಾಕಿ," ಎಂದ ಕುಂಞಣ್ಣ. "ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರುವುದಿಲ್ಲ. ನಿನ್ನ ಹತ್ರ ಇರ್ಲಿ ಜಲಜ. ಎಂತ ಬೇಕಾದ್ರೂ ಮಾಡು."

"ಕೊಂದ್ರೂ ಆಗಬಹುದಾ?"

"ನೀನು ಕೊಂದ್ರೆ ಮೋಕ್ಷ."

ಅವನು ಹೋದ ಮೇಲೆ ಅವಳು ತಿರುಪು ಬಿಚ್ಚಿದಳು. ಒಳಗೆ ಬೋರ್ಡುಗಳ ಮೇಲೆ ಬೋರ್ಡು. ನಲ್ವತ್ತು ವರ್ಷದ ಧೂಳು. ಒಂದೊಂದು ಬೆಸುಗೆಯೂ ಕೈಯಲ್ಲಿ ಮಾಡಿದ್ದು. ಯಂತ್ರ ಮಾಡಿದ್ದಾದರೆ ಎಲ್ಲ ಒಂದೇ ಥರ ಇರುತ್ತಿತ್ತು. ಒಂದು ಮೂಲೆಯಲ್ಲಿ ಬೆಸುಗೆಗಳೆಲ್ಲ ಸಣ್ಣಕೆ ಎಡಕ್ಕೆ ವಾಲಿದ್ದವು. ಯಾರೋ ಎಡಗೈಯವಳು, ಅಂದುಕೊಂಡಳು. ಜಪಾನಿನಲ್ಲೋ ಎಲ್ಲೋ ಒಂದು ಉದ್ದದ ಮೇಜು, ಅಲ್ಲೊಬ್ಬಳು. ಜಲಜಾಕ್ಷಿ ಆ ಮೂಲೆಯ ಧೂಳನ್ನು ಕುಂಚದಿಂದ ಮೆಲ್ಲಗೆ ತೆಗೆದಳು, ಉಳಿದದ್ದನ್ನು ಉಫ್ ಎಂದು ಊದಿದಳು.

ಅದೇ ವಾರ ಈಶ್ವರಪ್ರಸಾದ ಮಾಷ್ಟ್ರು ಹಾರ್ಮೋನಿಯಂ ಹಿಡಿದುಕೊಂಡು ಬಂದರು. ಅವಳಿಗೆ ಏಳನೆಯ ತರಗತಿಯಲ್ಲಿ ಕನ್ನಡ ಕಲಿಸಿದವರು. ನಿವೃತ್ತಿಯ ಮೇಲೆ ಪೂರ್ತಿ ಭಾಗವತಿಕೆ. ತಿಂಗಳಿಗೊಂದು ಭಾನುವಾರ ವಾಚನಾಲಯದ ಮಾಳಿಗೆಯಲ್ಲಿ ಅವರ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಹಾಡು, ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು. ಹಿಂದೆ ಶ್ರುತಿಗೆ ಹಾರ್ಮೋನಿಯಂ ಒತ್ತಲು ಜನ ಇತ್ತು. ಈಗ ಒತ್ತುವವರಿಲ್ಲದೆ ಮೊಬೈಲಿನ ಶ್ರುತಿಯನ್ನು ಮೈಕಿಗೆ ಜೋಡಿಸಿದ್ದರು.

"ಕಳೆದ ತಿಂಗಳು ಎಂತಾಯ್ತು ಗೊತ್ತುಂಟಾ?" ಎಂದರು ಮಾಷ್ಟ್ರು. "ಪ್ರಸಂಗದಲ್ಲಿ ತಮ್ಮನಾದವನು ಅಣ್ಣನ ಕಾಲು ಹಿಡಿದು ಕಾಡಿಗೆ ಹೊರಟಿದ್ದಾನೆ. ಸಭೆಯಲ್ಲಿ ಹೆಂಗಸರು ಕಣ್ಣೊರಸ್ತಾ ಇದ್ದಾರೆ. ಆಗ ಫೋನ್ ಬಂತು. ನಾನು ಕಟ್ ಮಾಡ್ಲಿಕ್ಕೆ ಹೋಗಿ ಬೇರೆ ಕಡೆ ಒತ್ತಿದೆ. ಮೈಕಿನಲ್ಲಿ ನನ್ನ ಮಗಳು, 'ಅಪ್ಪಾ, ಗ್ಯಾಸ್ ಬಂತು, ಬುಕ್ಕು ಎಲ್ಲಿಟ್ಟಿದ್ದೀರಿ?' ಅಂತ ಕೇಳ್ತಾಳೆ."

ಅಮ್ಮು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಳು. "ಕಾಡಿಗೆ ಹೋಗುವವನಿಗೆ ಗ್ಯಾಸು ಬೇಕೇ ಬೇಕಲ್ಲ ಮಾಷ್ಟ್ರೇ!"

"ನಗು ಮಾರಾಯ್ತಿ, ನಗು. ನಮ್ಮ ಮರ್ಯಾದೆ ಹೋದದ್ದು."

ಜಲಜಾಕ್ಷಿ ಹಾರ್ಮೋನಿಯಮ್ಮಿನ ತಿದಿ ಬಿಡಿಸಿ ನೋಡಿದಳು. ಚರ್ಮ ಹಪ್ಪಳವಾಗಿತ್ತು. ಆಮೇಲೆ ಅವಳ ಕಣ್ಣು ಮೂಲೆಯಲ್ಲಿ ಬಾಯಿ ತೆರೆದು ಮಲಗಿದ್ದ ಸಿಂಥಸೈಜರಿನ ಕಡೆ ಹೋಯಿತು. "ಮಾಷ್ಟ್ರೇ," ಎಂದಳು. "ನಾನೊಂದು ಶ್ರುತಿ ಮಾಡಿ ಕೊಡ್ಲಾ?"

"ರಿಪೇರಿ ಮಾಡಿಯಾ?"

"ಅಲ್ಲ. ಮಾಡಿ."

ಆ ಒಂದು ಶಬ್ದ ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಮಾಷ್ಟ್ರು ಗಮನಿಸಲಿಲ್ಲ. ಅಮ್ಮು ಗಮನಿಸಿದಳು.

ಮುಂದಿನ ಕೂಟ ಮಾರ್ಚಿನ ಕೊನೆಯ ಭಾನುವಾರ. ಕೈಯಲ್ಲಿ ಐದು ವಾರ. ಶ್ರುತಿ ಇಳಿಯುವುದು ಯಾಕೆಂದು ಅವಳಿಗೆ ಎರಡನೆಯ ದಿನವೇ ಗೊತ್ತಾಯಿತು. ಸ್ವರ ಹುಟ್ಟಿಸುವ ಟ್ರಾನ್ಸಿಸ್ಟರುಗಳ ಹತ್ತಿರ ಕೈ ಹಿಡಿದರೆ ಸಾಕು, ಸ್ವರ ಜಾರುತ್ತಿತ್ತು. ಸೆಕೆ ಅವಕ್ಕೆ ಆಗಿಬರುವುದಿಲ್ಲ. ಹಳೆಯ ಟಿವಿಯ ಬೋರ್ಡಿನಿಂದ ತೆಗೆದ ಬಿಡಿಭಾಗಗಳಲ್ಲಿ ಅವಳು ಒಂದು ಪುಟ್ಟ ಹೀಟರ್ ಕಟ್ಟಿ, ಅದನ್ನು ಆ ಟ್ರಾನ್ಸಿಸ್ಟರುಗಳ ಬೆನ್ನಿಗೆ ಅಂಟಿಸಿದಳು.

"ಸೆಕೆ ಆಗದ್ದಕ್ಕೆ ಹೀಟರ್ ಇಡುವುದಾ ಜಲಜಕ್ಕ?" ಎಂದಳು ಅಮ್ಮು.

"ಒಮ್ಮೆ ಸೆಕೆ ಒಮ್ಮೆ ತಂಪು ಆದ್ರೆ ಕಷ್ಟ. ಯಾವಾಗಲೂ ಸೆಕೆಯೇ ಆದ್ರೆ ಅಭ್ಯಾಸ ಆಗ್ತದೆ."

"ಮದುವೆ ಹಾಗೆ."

ಆಮೇಲೆ ಉಸಿರಿನ ಕೆಲಸ. ಮೊಬೈಲಿನ ಶ್ರುತಿ ಎಷ್ಟು ಸರಿಯಿದ್ದರೂ ಸತ್ತ ಹಾಗೆ ಕೇಳುವುದು ಯಾಕೆಂದು ಅವಳು ಯೋಚಿಸಿದ್ದಳು. ತಿದಿ ಒತ್ತುವವನ ಕೈ ಏರಿ ಇಳಿಯುತ್ತದೆ. ಸ್ವರ ಅದರೊಂದಿಗೆ ಸ್ವಲ್ಪ ಅರಳಿ ಸ್ವಲ್ಪ ಮುದುಡುತ್ತದೆ. ತಾಮ್ರದ ಹಲಗೆಯ ಮೇಲೆ ಅಮ್ಮುವಿನ ನೈಲ್ ಪಾಲಿಶಿನಿಂದ ಗೆರೆ ಎಳೆದು, ಐಸ್‌ಕ್ರೀಮಿನ ಡಬ್ಬದಲ್ಲಿ ರಾಸಾಯನಿಕ ಸುರಿದು, ಉಳಿದ ತಾಮ್ರ ಕರಗಿಸಿ ಬೋರ್ಡು ಮಾಡಿದಳು. ಅದರಲ್ಲೊಂದು ದೊಡ್ಡ ಕೆಪಾಸಿಟರ್ ನಿಧಾನವಾಗಿ ತುಂಬುವುದು, ನಿಧಾನವಾಗಿ ಬರಿದಾಗುವುದು. ಮೊದಲ ಸಲ ಜೋಡಿಸಿದಾಗ ಸ್ವರ ಎಮ್ಮೆ ಏದುಸಿರು ಬಿಟ್ಟ ಹಾಗೆ ಬಂತು. ಏಳು ಕೆಪಾಸಿಟರು ಬದಲಾಯಿಸಿದಳು. ಎಂಟನೆಯದಕ್ಕೆ ಸರಿಯಾಯಿತು. ಯಾರೋ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗಿದ್ದಾರೆ ಎನ್ನುವಂಥ ಉಸಿರು.

ಇನ್ನು ಉಳಿದದ್ದು ಯಾವ ಶ್ರುತಿ ಎಂಬುದು. ಮಾಷ್ಟ್ರಿಗೆ ಫೋನ್ ಮಾಡಿದಳು.

"ನನ್ನದು ಎರಡು. ಮೂವತ್ತು ವರ್ಷದಿಂದ ಎರಡೇ. ಅದರಲ್ಲಿ ಬದಲಿಲ್ಲ."

ಎರಡು ಎಂದರೆ ಕೀಬೋರ್ಡಿನ ಯಾವ ಮನೆ ಎಂದು ಅವಳಿಗೆ ತಿಳಿಯದು. ಸಂಜೆ ಚಾ ಕುಡಿಯಲು ಬಂದ ಕುಂಞಣ್ಣನನ್ನು ಕೇಳಿದಳು. ಅವನು ಒಂದು ಕ್ಷಣವೂ ಯೋಚಿಸದೆ ಸಿಂಥಸೈಜರಿನ ಬಿಳಿ ಮನೆಗಳಲ್ಲಿ ಎರಡನೆಯದನ್ನು ಒತ್ತಿದ. "ಎರಡು ಕಟ್ಟೆ. ಇದೇ. ಗಂಡಸರ ದೊಡ್ಡ ಸ್ವರ ಅಂದ್ರೆ ಎರಡು ಕಟ್ಟೆ."

ಸ್ವರ ಹೊಂದಿಸಲು ಒಂದು ಗುಂಡಿ ಇಡಬಹುದಿತ್ತು. ಇಡುವುದೆಂದೇ ಅವಳೂ ಅಂದುಕೊಂಡಿದ್ದಳು. ಅಮ್ಮು ಬೇಡವೆಂದಳು. "ತಿರುಗಿಸ್ಲಿಕ್ಕೆ ಒಂದು ಗುಂಡಿ ಇದ್ರೆ ಗಂಡಸರು ತಿರುಗಿಸದೆ ಬಿಡ್ತಾರಾ? ಆಮೇಲೆ ಯಂತ್ರ ಸರಿ ಇಲ್ಲ ಅಂತ ನಿಮಗೇ ಹೇಳ್ತಾರೆ." ಮಾತು ಸರಿಯೆನಿಸಿತು. ಧೂಳು ಬಿದ್ದರೆ ಗುಂಡಿ ಕೆಡುತ್ತದೆ ಎಂಬುದೂ ಸತ್ಯ. ಜಲಜಾಕ್ಷಿ ಅಳೆದು, ಆರಿಸಿ, ಒಂದು ರೆಸಿಸ್ಟರ್ ಬೆಸೆದುಬಿಟ್ಟಳು. ಷಡ್ಜ, ಪಂಚಮ, ಮೇಲಿನ ಷಡ್ಜ, ಮೂರೂ ಅದೊಂದರ ಮೇಲೆಯೇ ನಿಂತಿದ್ದವು. ಇನ್ನು ಅದು ಅಲುಗುವುದಿಲ್ಲ.

ಭಾನುವಾರ ಎರಡೂವರೆಗೆ ವಾಚನಾಲಯದ ಮಾಳಿಗೆಯಲ್ಲಿ ಅರುವತ್ತು ಜನ. ಸಿಂಥಸೈಜರಿನ ಮನೆಗಳನ್ನೆಲ್ಲ ತೆಗೆದು, ಆ ಜಾಗಕ್ಕೆ ಅವಳು ಒಂದು ಹಲಸಿನ ಹಲಗೆ ಹೊಡೆದಿದ್ದಳು. ಹಲಗೆಯ ಮೇಲೆ ಒಂದೇ ಒಂದು ಸ್ವಿಚ್ಚು. ಒತ್ತಿ, ಮೆಟ್ಟಲ ಬದಿಯ ಬೆಂಚಿಗೆ ಹೋಗಿ ಅಮ್ಮುವಿನ ಪಕ್ಕ ಕುಳಿತಳು. ಸ್ವರ ಮೊದಲು ಇಲ್ಲದ ಹಾಗೆ, ಆಮೇಲೆ ಮೊದಲಿನಿಂದಲೂ ಇದ್ದ ಹಾಗೆ ಬಂತು. ಮಾತಾಡುತ್ತಿದ್ದವರು ತಾವಾಗಿ ಸುಮ್ಮನಾದರು. ಮುಂದಿನ ಸಾಲಿನಲ್ಲಿ ಯಾರೋ ಶ್ರುತಿ ಒತ್ತುವವನನ್ನು ಹುಡುಕಲು ಕತ್ತು ತಿರುಗಿಸಿದರು.

ಅಮ್ಮು ಅವಳ ತೊಡೆ ಚಿವುಟಿದಳು.

ಮಾಷ್ಟ್ರು ಗಂಟಲು ಸರಿಮಾಡಿ ಗಣಪತಿಯ ಸ್ತುತಿ ಎತ್ತಿಕೊಂಡರು. ಮದ್ದಳೆಯ ಶಶಾಂಕ ಬೆರಳು ಇಟ್ಟ. ಒಂದೇ ಸಾಲು. ಮೂರು ಬೇರೆ ಬೇರೆ ಕಡೆಯಿಂದ ಮೂರು ಜನ ಒಂದು ಬಾಗಿಲಿಗೆ ನುಗ್ಗಿದ ಹಾಗಾಯಿತು. ಮಾಷ್ಟ್ರು ನಿಲ್ಲಿಸಿ, ಮತ್ತೆ ಎತ್ತಿದರು. ಮತ್ತೂ ಹಾಗೆಯೇ. ಶಶಾಂಕ ಮದ್ದಳೆಯ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದ.

"ಇಳಿದಿದೆ," ಎಂದ. "ಸೆಕೆಗೆ ಇಳಿದಿದೆ ಮಾಷ್ಟ್ರೇ. ಹಳೇ ಯಂತ್ರ ಅಲ್ವಾ."

"ಜಲಜಕ್ಕ ಮಿಕ್ಸಿ ರಿಪೇರಿಗೆ ಸೈ," ಎಂದಿತು ಹಿಂದಿನಿಂದ ಒಂದು ದನಿ. "ಚಟ್ನಿ ಆಯ್ತಲ್ಲ."

ನಗು. ಮಾಷ್ಟ್ರು ಆಗಲೇ ಜುಬ್ಬದ ಜೇಬಿನಿಂದ ಫೋನ್ ತೆಗೆಯುತ್ತಿದ್ದರು. ಒಮ್ಮೆ ಈ ಪೆಟ್ಟಿಗೆಯನ್ನು ಮೂಲೆಗೆ ದೂಡಿದರೆ ಮತ್ತೆ ಯಾರೂ ಅದನ್ನು ನಡುವಿಗೆ ತರುವುದಿಲ್ಲ ಎಂದು ಜಲಜಾಕ್ಷಿಗೆ ಗೊತ್ತಿತ್ತು. ಅವಳು ಎದ್ದು ಅರುವತ್ತು ಜನರ ನಡುವಿನಿಂದ ಮುಂದೆ ಹೋದಳು. ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟಳು. ಬೆಚ್ಚಗೆ ಎಷ್ಟಿರಬೇಕೋ ಅಷ್ಟೇ ಇತ್ತು.

"ಮಾಷ್ಟ್ರೇ, ಇದು ಇಳೀಲಿಲ್ಲ. ನೀವು ಹೇಳಿದ ಎರಡೇ ಇದು."

"ಎರಡು ನನಗೆ ಗೊತ್ತಿಲ್ವಾ ಜಲಜಾಕ್ಷಿ? ಇದು ಎರಡಲ್ಲ."

"ಎರಡೇ!" ಕಿಟಕಿಯ ಹತ್ತಿರದಿಂದ ಕುಂಞಣ್ಣ ಎದ್ದು ನಿಂತ. "ಎರಡು ಕಟ್ಟೆ. ನಾನೇ ತೋರಿಸಿ ಕೊಟ್ಟದ್ದು."

"ಕಟ್ಟೆ ಎಂತದು ಮಾರಾಯ? ಕಪ್ಪು ಮನೆಯ ಎರಡು!" ಎಂದರು ಮಾಷ್ಟ್ರು.

"ಕಪ್ಪು ಅಂತ ನೀವು ಹೇಳ್ಲಿಲ್ಲ," ಎಂದಳು ಜಲಜಾಕ್ಷಿ.

"ಹೇಳುವುದು ಎಂತಕ್ಕೆ? ನಮ್ಮ ಕೂಟದಲ್ಲಿ ಎರಡು ಅಂದ್ರೆ ಕಪ್ಪೇ. ಬಿಳಿಯಾದ್ರೆ ಬಿಳಿ ಅಂತ ಹೇಳ್ತಾರೆ."

"ನಮ್ಮಲ್ಲಿ ಕಪ್ಪು ಎರಡಕ್ಕೆ ಎರಡೂವರೆ ಅಂತ ಹೇಳುವುದು!"

"ಹಾಗಾದ್ರೆ ಅರ್ಧ ಎಲ್ಲಿ ಹೋಯ್ತು?" ಎಂದಳು ಅಮ್ಮು ಹಿಂದಿನಿಂದ. ಸಭೆ ಘೊಳ್ಳೆಂದಿತು. ಆದರೆ ಈ ಸಲದ ನಗು ಬೇರೆ ಕಡೆಗೆ ಹೋಯಿತು.

ಯಾರದೂ ತಪ್ಪಲ್ಲ. ಭಾಗವತರಿಗೊಂದು ಎರಡು, ಗಾನಮೇಳದವರಿಗೊಂದು ಎರಡು. ನಡುವೆ ಅರ್ಧ ಮೆಟ್ಟಲಿನ ಸಂದು. ಆ ಸಂದಿಗೆ ಅವಳು ಐದು ವಾರದ ಕೆಲಸವನ್ನು ಬೆಸೆದಿದ್ದಳು.

"ಮುಂದಿನ ತಿಂಗಳು ಸರಿ ಮಾಡಿ ತಾ," ಎಂದರು ಮಾಷ್ಟ್ರು, ದನಿ ತಗ್ಗಿಸಿ. "ಇವತ್ತಿಗೆ ಫೋನು."

ಜಲಜಾಕ್ಷಿ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ನೆಲಕ್ಕೆ ಕುಳಿತು ಬೆನ್ನಿನ ಮುಚ್ಚಳ ಬಿಚ್ಚಿದಳು. ಆ ರೆಸಿಸ್ಟರ್ ಎದುರಿಗೇ ಇತ್ತು. ಬದಲಾಯಿಸಲು ಇನ್ನೊಂದು ಬೇಕು, ಬೆಸುಗೆ ಕಡ್ಡಿ ಬೇಕು, ಎಲ್ಲ ಅಂಗಡಿಯಲ್ಲಿ. ಅದರ ಪಕ್ಕದಲ್ಲಿ ಕರೆಂಟಿಗೆ ಇನ್ನೊಂದು ದಾರಿ ಮಾಡಿ ಕೊಟ್ಟರೂ ಸ್ವರ ಮೇಲೇರುತ್ತದೆ. ಒದ್ದೆ ಬೆರಳೂ ಅಂಥದ್ದೊಂದು ದಾರಿಯೇ. ಒಳಗೆ ಹರಿಯುವ ಕರೆಂಟು ಎರಡು ಟಾರ್ಚಿನ ಬ್ಯಾಟರಿಗಿಂತ ಹೆಚ್ಚೇನೂ ಇಲ್ಲ. ಹೆಬ್ಬೆರಳು, ತೋರುಬೆರಳು ಎರಡನ್ನೂ ನಾಲಗೆಗೆ ತಾಗಿಸಿ ಒದ್ದೆ ಮಾಡಿ, ರೆಸಿಸ್ಟರಿನ ಎರಡು ಕಾಲುಗಳಿಗೆ ಇಟ್ಟಳು.

ಸ್ವರ ಎದ್ದು ಕುಳಿತ ಹಾಗೆ ಮೇಲೇರಿತು. ಹೆಚ್ಚಾಯಿತು. ಬೆರಳು ಸ್ವಲ್ಪ ಸಡಿಲಿಸಿದಳು. ಕಮ್ಮಿ. ಕಣ್ಣು ಮುಚ್ಚಿ, "ಶಶಾಂಕ, ಮದ್ದಳೆ ಒಂದು ಸಲ" ಎಂದಳು. ಅವನು ಒಂದು ಪೆಟ್ಟು ಕೊಟ್ಟ. ಆ ಪೆಟ್ಟಿನ ಬಾಲ ಹಿಡಿದು ಅವಳ ಬೆರಳು ಕೂದಲೆಳೆಯಷ್ಟು ಒತ್ತಿತು, ನಿಂತಿತು. ಎರಡು ಸ್ವರಗಳ ನಡುವಿನ ಕಂಪನ ನಿಧಾನವಾಗಿ, ಇನ್ನೂ ನಿಧಾನವಾಗಿ, ಇಲ್ಲವಾಯಿತು.

ಮಾಷ್ಟ್ರು ಫೋನನ್ನು ಜೇಬಿಗೆ ಹಾಕಿದರು. ಹಾಡಿದರು.

ಸ್ತುತಿ, ಪೀಠಿಕೆಯ ಪದ, ಅದರ ಹಿಂದೆ ಇನ್ನೆರಡು ಪದ. ಅರ್ಧ ಗಂಟೆ ಅವಳು ಹಾಗೆಯೇ ಕುಳಿತಿದ್ದಳು. ಬೆರಳು ಒಣಗಿದರೆ ಸ್ವರ ಇಳಿಯುವುದು. ಇಳಿಯುವ ಮೊದಲೇ ಅವಳು ಒತ್ತುವಳು. ನಾಡಿಯ ಸಣ್ಣ ಮಿಡಿತ ಸ್ವರದೊಳಗೆ ಸೇರಿತ್ತು. ಜನ ತಲೆದೂಗುತ್ತಿದ್ದರು. ಅವಳಿಗೆ ಅದು ಕೇಳಿಸುತ್ತಿದ್ದುದು ಪೆಟ್ಟಿಗೆಯ ಬೆನ್ನಿನಿಂದ, ಕಿವಿಗೆ ತೀರಾ ಹತ್ತಿರದಿಂದ. ಮುಂದೆ ಕುಳಿತವರಿಗೆ ಹೇಗೆ ಕೇಳಿಸುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಬೆಂಚಿನಲ್ಲಿ ಅಮ್ಮುವಿನ ಪಕ್ಕದ ಜಾಗ ಖಾಲಿ ಇತ್ತು.

ಅರ್ಥಧಾರಿಗಳು ಮಾತಿಗೆ ತೊಡಗಿದಾಗ ಮಾಷ್ಟ್ರು ಜಾಗಟೆ ಕೆಳಗಿಟ್ಟು ಅವಳ ಕಡೆ ಬಗ್ಗಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಹೀಗೆ ಶ್ರುತಿ ಸಿಕ್ಕದೆ ಎಷ್ಟು ವರ್ಷ ಆಯ್ತು ಗೊತ್ತುಂಟಾ? ಇನ್ನು ಎಂತ ಬದಲು ಮಾಡುವುದೂ ಬೇಡ. ಪ್ರತಿ ಕೂಟಕ್ಕೂ ನೀನೇ ಬಂದು ಹೀಗೆ ಹಿಡ್ಕೊಂಡು ಕೂತ್ರೆ ಆಯ್ತು. ಒಳ್ಳೆ ಜಾಗ ಮಾಡಿ ಕೊಡುವ. ದಿಂಬು ಹಾಕುವ."

ಜಲಜಾಕ್ಷಿ ಬೆರಳು ತೆಗೆದಳು. ಸ್ವರ ಅರ್ಧ ಮೆಟ್ಟಲು ಕೆಳಗಿಳಿಯಿತು. ಸ್ವಿಚ್ಚು ಆರಿಸಿ, ಸ್ಕ್ರೂಡ್ರೈವರನ್ನು ಹಲಸಿನ ಹಲಗೆಯ ಮೇಲಿಟ್ಟು, ಮೊಣಕಾಲು ಹಿಡಿದು ಎದ್ದಳು.

"ಇವರ ಮಾತು ಮುಗೀಲಿಕ್ಕೆ ಎಷ್ಟು ಹೊತ್ತು ಉಂಟು ಮಾಷ್ಟ್ರೇ?"

"ಶುರು ಮಾಡಿದ್ರೆ ಇವರು ಬಿಡ್ತಾರಾ? ಇಪ್ಪತ್ತು ನಿಮಿಷ. ಯಾಕೆ, ಎಲ್ಲಿಗೆ ಹೊರಟೆ? ದಿಂಬು ಹೇಳಿದ್ದಕ್ಕೆ ಬೇಜಾರಾ?"

"ಅಯ್ಯೋ, ಬೇಜಾರಲ್ಲ," ಎಂದಳು ಅವಳು, ಆಗಲೇ ಮೆಟ್ಟಲಿನ ಹತ್ತಿರ ಚಪ್ಪಲಿಗೆ ಕಾಲು ಹಾಕುತ್ತಾ, ಅಂಗಡಿಯ ಬೀಗದ ಕೈಗಾಗಿ ಅಮ್ಮುವಿನ ಕಡೆ ಕೈ ಚಾಚಿ. "ನಾನು ಹಿಡ್ಕೊಂಡ್ರೆ ಅದು ನನ್ನ ಕೈ ಆಯ್ತಲ್ಲ ಮಾಷ್ಟ್ರೇ, ನಾನು ಇಲ್ಲಿ ಬೆಂಚಿನಲ್ಲಿ ಕೂತಿರುವಾಗ, ಅದು ಅಲ್ಲಿ ತನ್ನಷ್ಟಕ್ಕೆ ಹಾಡ್ಬೇಕು. ರೆಸಿಸ್ಟರು, ಬೆಸುಗೆ ಕಡ್ಡಿ ತರ್ತೇನೆ, ಇಪ್ಪತ್ತು ನಿಮಿಷ ಸಾಕು."